ಕೀಳುವ ಗಳಿಗೆ, ಕಿತ್ತ ಮೇಲಿನ ಮೂರು ದಿನ



ಬೆಂಗಳೂರಿನ ಕಡೆಯಿಂದ ತುಮಕೂರಿಗೆ ಹೋಗತಕ್ಕವರಿಗೆ ಪಟ್ಟಣ ಸಿಕ್ಕುವುದಕ್ಕೆ ಮುಂಚೆ ಕ್ಯಾತ್ಸಂದ್ರ ಸಿಕ್ಕುತ್ತದೆ. ಈ ಊರನ್ನು ಜನರು ಎರಡು ಕಾರಣಗಳಿಂದ ಬಲ್ಲರು. ಒಂದು, ಸಮೀಪದಲ್ಲಿರುವ ಸಿದ್ಧಗಂಗೆಯ ಮಠ. ಇನ್ನೊಂದು, ಇಲ್ಲಿಯ ಹೋಟೆಲುಗಳ ತಟ್ಟೆ ಇಡ್ಲಿ. ಮೊದಲನೆಯದರ ವಿಷಯವಾಗಿ ಮಾತನಾಡಲು ನಮಗಿಂತ ಯೋಗ್ಯರು ಬಹು ಮಂದಿ ಇದ್ದಾರೆ. ನಮ್ಮ ಇಂದಿನ ಪ್ರಸ್ತಾಪಕ್ಕೆ ಎರಡನೆಯದೇ ನೆಪವಾಯಿತು.

ಕೆಲವು ಕಾಲದ ಕೆಳಗೆ ಒಂದು ಬೆಳಗ್ಗೆ ನಾವು ಅಲ್ಲಿಯ ಹೋಟೆಲೊಂದರಲ್ಲಿ ಕುಳಿತಿದ್ದಾಗ, ಎದುರಿನ ಬೆಂಚಿಗೆ ನಮ್ಮ ತರಗತಿಯ ಹುಡುಗನೊಬ್ಬನು ಬಂದು ಕುಳಿತನು. ಅವನ ಬಲಗೆನ್ನೆ ಊದಿಕೊಂಡು, ಮುಖವೇ ಒಂದು ಕಡೆಗೆ ವಾಲಿದಂತಿತ್ತು. ಮುಂಡಾಸಿನಂತೆ ಒಂದು ಅಂಗವಸ್ತ್ರವನ್ನು ಗಲ್ಲದಿಂದ ನೆತ್ತಿಗೆ ಬಿಗಿದಿದ್ದನು. ಬಾಯಿ ಒಂದು ಬೆರಳಿನಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಇಡ್ಲಿಯನ್ನು ಚೂರುಚೂರಾಗಿ ಮುರಿದು, ಮೊಸರಿನಲ್ಲಿ ನೆನೆಯಿಟ್ಟು, ಆರುವುದನ್ನು ಕಾಯುತ್ತಿದ್ದನು.

“ಏನಪ್ಪ ಇದು?” ಎಂದೆವು.

“ನಿನ್ನೆ ಬುದ್ಧಿಹಲ್ಲು ತೆಗೆಸಿದೆ, ಸಾರ್. ತೆಗೆಯುವಾಗ ಏನೂ ತಿಳಿಯಲಿಲ್ಲ. ರಾತ್ರಿಯಿಂದ ಶುರುವಾಯಿತು. ಡಾಕ್ಟರು ಮಂಜುಗಡ್ಡೆ ಇಡು ಎಂದಿದ್ದಾರೆ. ನಮ್ಮಜ್ಜಿ ಉಪ್ಪು ಹುರಿದು ಗಂಟು ಕಟ್ಟಿಕೊಂಡು, ಬಿಸಿ ಕಾವೇ ಕೊಡಬೇಕು ಅಂತ ಕಾದು ಕೂತಿದ್ದಾರೆ. ಯಾರ ಮಾತು ಕೇಳಲಿ, ಸಾರ್?”

ನಾವು ವೈದ್ಯರಲ್ಲ, ಚರಿತ್ರೆಯನ್ನು ಬೋಧಿಸಿ ಹೊಟ್ಟೆ ಹೊರೆಯುವವರು. ಆದಕಾರಣ “ಡಾಕ್ಟರ ಮಾತು ಕೇಳು” ಎಂದು ಹೇಳಿ ಎದ್ದು ಬಂದೆವು. ಆದರೆ ಹುಡುಗನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದರಲ್ಲಿ ನಮ್ಮ ಕಸುಬಿಗೆ ಸೇರಿದ್ದೂ ಒಂದು ಪಾಲು ಇತ್ತು. “ತೆಗೆಯುವಾಗ ಏನೂ ತಿಳಿಯಲಿಲ್ಲ” ಎಂದು ಅವನು ಎಷ್ಟು ಹಗುರವಾಗಿ ಹೇಳಿದನು! ಆ ಒಂದು ವಾಕ್ಯವನ್ನು ಹೇಳುವ ಭಾಗ್ಯ ಅವನ ಮುತ್ತಜ್ಜನಿಗೆ ಇರಲಿಲ್ಲ. ಹಲ್ಲು ಕೀಳುವ ಗಳಿಗೆಯ ಚರಿತ್ರೆಯನ್ನು ವೈದ್ಯಗ್ರಂಥಗಳು ಬಹಳ ಸಂಭ್ರಮದಿಂದ ಬರೆದಿವೆ. ಕಿತ್ತ ಮೇಲಿನ ಮೂರು ದಿನಗಳ ಚರಿತ್ರೆಯನ್ನು ಬರೆದವರು ಕಡಮೆ. ರೋಗಿಯು ವೈದ್ಯನ ಕುರ್ಚಿಯಿಂದ ಇಳಿದು ಮನೆಗೆ ಬಂದ ಮೇಲೆ ನಡೆಯುವ ಕಥೆಯಲ್ಲವೆ ಅದು? ಅಲ್ಲಿ ಅಜ್ಜಿಗೂ ಅಧಿಕಾರವುಂಟು.

ಮೊದಲು ಹಲ್ಲಿನ ಮಾತು. ದವಡೆಯ ನಾಲ್ಕು ಕೊನೆಗಳಲ್ಲಿ ಎಲ್ಲಕ್ಕೂ ಹಿಂದೆ ಬರುವ ಈ ಹಲ್ಲುಗಳು ಸಾಮಾನ್ಯವಾಗಿ ಹದಿನೇಳರಿಂದ ಇಪ್ಪತ್ತೈದರ ಒಳಗೆ ಮೂಡುತ್ತವೆ. ಲ್ಯಾಟಿನಿನಲ್ಲಿ ಇದಕ್ಕೆ ಜ್ಞಾನದಂತವೆಂದು ಹೆಸರು, ಹಿಂದೂಸ್ಥಾನಿಯಲ್ಲಿ ಅಕಲ್ ದಾಢ್, ನಮ್ಮಲ್ಲಿ ಬುದ್ಧಿಹಲ್ಲು. ಬುದ್ಧಿಗೂ ಈ ಹಲ್ಲಿಗೂ ಇರುವ ಸಂಬಂಧ ವಯಸ್ಸಿನದು ಮಾತ್ರವೆಂಬುದನ್ನು, ಇಪ್ಪತ್ತು ವರ್ಷ ಆ ವಯಸ್ಸಿನವರಿಗೆ ಪಾಠ ಹೇಳಿದ ನಾವು ಪ್ರಮಾಣಮಾಡಿ ಹೇಳಬಲ್ಲೆವು. ಇಡೀ ಧಾನ್ಯವನ್ನೂ ಗಡ್ಡೆಗೆಣಸನ್ನೂ ಅಗಿದು ತಿನ್ನುತ್ತಿದ್ದ ಪ್ರಾಚೀನರ ದವಡೆ ಅಗಲವಾಗಿ ಬೆಳೆಯುತ್ತಿತ್ತು. ಬೇಯಿಸಿದ ಮೆತ್ತನೆಯ ಆಹಾರಕ್ಕೆ ಒಗ್ಗಿದ ನಮ್ಮ ದವಡೆ ಅಷ್ಟು ಬೆಳೆಯುವುದಿಲ್ಲ. ಕಡೆಗೆ ಬಂದವನಿಗೆ ಜಾಗವಿಲ್ಲವೆಂಬಂತೆ ಈ ಹಲ್ಲು ಓರೆಯಾಗಿ, ಕೆಲವು ವೇಳೆ ಅಡ್ಡಲಾಗಿ, ಎಲುಬಿನೊಳಗೇ ಸಿಕ್ಕಿಕೊಳ್ಳುತ್ತದೆ. ಅರ್ಧ ಮೂಡಿದ ಹಲ್ಲಿನ ಮೇಲೆ ವಸಡಿನ ಒಂದು ಮುಚ್ಚಳ ಉಳಿದು, ಅದರ ಕೆಳಗೆ ಅನ್ನದಗುಳು ಸೇರಿ, ಕೊಳೆತು, ಬಾವು ಬರುತ್ತದೆ.

ಈ ಬಾವನ್ನು ನಮ್ಮ ಪೂರ್ವಿಕರು ಕಂಡಿದ್ದರೇ? ಕಂಡಿದ್ದರು, ಚೆನ್ನಾಗಿಯೇ ಕಂಡಿದ್ದರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಹದಿನಾರನೆಯ ಅಧ್ಯಾಯವು ಮುಖರೋಗಗಳಿಗೆ ಮೀಸಲಾದದ್ದು. ಅಲ್ಲಿ ಅಧಿಮಾಂಸವೆಂಬ ಒಂದು ರೋಗ ಬರುತ್ತದೆ. ದವಡೆಯ ಕಟ್ಟಕಡೆಯ ಹಲ್ಲಿನ ಬಳಿ ದೊಡ್ಡ ಬಾವು, ಮಹಾ ನೋವು, ಬಾಯಿಂದ ಸುರಿಯುವ ಜೊಲ್ಲು ಇವು ಅದರ ಲಕ್ಷಣಗಳು. ಇಂದಿನ ದಂತವೈದ್ಯರ ಮುಂದೆ ಈ ವರ್ಣನೆಯನ್ನು ಓದಿದರೆ ಅವರು ಅದು ಯಾವ ಹಲ್ಲೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಚಿಕಿತ್ಸೆಯೂ ಸ್ಪಷ್ಟವಾಗಿದೆ: ಬೆಳೆದ ಮಾಂಸವನ್ನು ಕತ್ತರಿಸಿ, ಕ್ಷಾರ ಬೆರೆತ ಚೂರ್ಣವನ್ನು ಜೇನಿನಲ್ಲಿ ಕಲಸಿ ಹಚ್ಚಬೇಕು, ಹಿಪ್ಪಲಿಯನ್ನು ಜೇನಿನೊಡನೆ ಬಾಯಲ್ಲಿ ಹಿಡಿಯಬೇಕು, ಪಟೋಲ, ತ್ರಿಫಲೆ, ಬೇವುಗಳ ಕಷಾಯದಿಂದ ತೊಳೆಯಬೇಕು. ವಸಡಿನ ಆ ಮುಚ್ಚಳವನ್ನು ಕತ್ತರಿಸುವ ಕ್ರಮ ಇಂದಿಗೂ ಉಂಟು.

ಹಲ್ಲನ್ನೇ ಕೀಳುವ ವಿಚಾರದಲ್ಲಿ ಮಾತ್ರ ಆ ಗ್ರಂಥವು ಹೆದರಿ ಹೆದರಿ ಹೆಜ್ಜೆಯಿಡುತ್ತದೆ. ಮೇಲುದವಡೆಯ ಹಲ್ಲು ಅಲುಗಾಡುತ್ತಿದ್ದರೂ ವೈದ್ಯನು ಅದನ್ನು ಕೀಳಕೂಡದು. ಕಿತ್ತರೆ ರಕ್ತವು ಅತಿಯಾಗಿ ಹರಿದು, ಕಣ್ಣು ಹೋಗಬಹುದು, ಮುಖ ಸೊಟ್ಟಗಾಗಬಹುದು ಎಂದು ಎಚ್ಚರಿಕೆಯಿದೆ. ಕಾರಣವನ್ನು ಇಂದಿನವರು ಒಪ್ಪದಿರಬಹುದು. ಆದರೆ ರಕ್ತ ನಿಲ್ಲದೆ ಹೋದ ರೋಗಿಯನ್ನು ಕಣ್ಣಾರೆ ಕಂಡ ಕೈಯೇ ಈ ಮಾತನ್ನು ಬರೆದಿರಬೇಕೆಂದು ನಮಗೆ ತೋರುತ್ತದೆ. ನೋವಿನ ವಿಷಯದಲ್ಲೂ ಅವರ ಕೈ ಕಟ್ಟಿಹಾಕಿದಂತಿತ್ತು. ಇತರ ಶಸ್ತ್ರಕರ್ಮಗಳಿಗೆ ಮುಂಚೆ ರೋಗಿಗೆ ಇಷ್ಟವಾದ ಊಟವನ್ನಿಕ್ಕಿ, ಕುಡಿಯುವ ಅಭ್ಯಾಸವಿದ್ದು ನೋವನ್ನು ತಾಳಲಾರದವನಿಗೆ ತೀಕ್ಷ್ಣವಾದ ಮದ್ಯವನ್ನು ಕೊಡಬಹುದೆಂದು ವಿಧಿಯುಂಟು. ಆದರೆ ಮುಖರೋಗಿಗೆ ಊಟದ ಆ ಉಪಚಾರವೂ ಇಲ್ಲ. ಬರಿಯ ಹೊಟ್ಟೆಯಲ್ಲೇ ಅವನಿಗೆ ಶಸ್ತ್ರಕರ್ಮ.

ಆದರೆ ಆಮೇಲಿನ ದಿನಗಳಿಗೆ ಬಂದಾಗ ಗ್ರಂಥದ ಧ್ವನಿಯೇ ಬದಲಾಗುತ್ತದೆ. ಚಿಕಿತ್ಸಾಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ಹಲ್ಲಿನ ರೋಗಿಯು ಹುಳಿಹಣ್ಣುಗಳನ್ನೂ, ತಣ್ಣೀರನ್ನೂ, ಒಣ ಅನ್ನವನ್ನೂ, ಹಲ್ಲುಜ್ಜುವುದನ್ನೂ, ಬಹಳ ಗಟ್ಟಿಯಾದ ತಿಂಡಿಗಳನ್ನೂ ಬಿಡಬೇಕೆಂದು ಹೇಳಿದೆ. ತಣ್ಣೀರೊಂದನ್ನು ಬಿಟ್ಟರೆ, ಇಂದು ಹಲ್ಲು ಕೀಳಿಸಿಕೊಂಡವನ ಕೈಗೆ ಕೊಡುವ ಚೀಟಿಯಲ್ಲಿ ಮೊದಲ ದಿನದ ಮಟ್ಟಿಗೆ ಇರುವುದೂ ಹೆಚ್ಚು ಕಡಮೆ ಇದೇ. ಬಾವಿಗೆ ಹಸಿ, ಹಣ್ಣಾಗುತ್ತಿರುವುದು, ಹಣ್ಣಾದದ್ದು ಎಂದು ಮೂರು ಅವಸ್ಥೆಗಳನ್ನು ಸೂತ್ರಸ್ಥಾನದಲ್ಲಿ ಹೇಳಿ, ಹಸಿಯಾದದ್ದನ್ನು ಅಜ್ಞಾನದಿಂದ ಕೊಯ್ಯುವವನನ್ನೂ ಹಣ್ಣಾದದ್ದನ್ನು ಉಪೇಕ್ಷಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ. ಈ ಮಾತನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿಡಬೇಕು. ಅಜ್ಜಿಯ ಉಪ್ಪಿನ ಗಂಟಿನ ವ್ಯಾಜ್ಯಕ್ಕೆ ಇದು ಮುಂದೆ ಬೇಕಾಗುತ್ತದೆ.

ಕನ್ನಡದಲ್ಲಿಯೂ ವೈದ್ಯವಾಙ್ಮಯ ಬಡವಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು; ಅದು ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ ವೈದ್ಯ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಖಗೇಂದ್ರಮಣಿದರ್ಪಣದಲ್ಲಿ ಹಾಡಿದನು. ಔಷಧಿ ಹೇರಳವಾಗಿತ್ತು. ಶಸ್ತ್ರ ಹಿಡಿಯುವ ಕೈ ಮಾತ್ರ ಕಾಲಕ್ರಮದಲ್ಲಿ ಪಂಡಿತರ ಮನೆಯಿಂದ ಸಂತೆಯ ಮೈದಾನಕ್ಕೆ ಹೋಯಿತು.

ಸಂತೆಯಲ್ಲಿ ಹಲ್ಲು ಕೀಳುವವನನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ನೆಲದ ಮೇಲೆ ಒಂದು ಬಟ್ಟೆ, ಅದರ ಮೇಲೆ ಕಿತ್ತ ಹಲ್ಲುಗಳ ರಾಶಿಯೇ ಅವನ ಪ್ರಶಸ್ತಿಪತ್ರ. ಒಂದು ಇಕ್ಕಳ, ಒಂದು ಸೀಸೆ ಲವಂಗದೆಣ್ಣೆ. ನಮ್ಮ ಅಜ್ಜಿಯ ತಮ್ಮನೊಬ್ಬನು ಕುಣಿಗಲಿನ ಕಡೆಯ ಹಳ್ಳಿಯವನು. ನಾವು ಹುಟ್ಟುವ ಮೊದಲೇ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸಿನಲ್ಲಿ, ಅವನು ಹೀಗೆ ಸಂತೆಯಲ್ಲಿ ಕೆಳದವಡೆಯ ಕೊನೆಯ ಹಲ್ಲನ್ನು ಕೀಳಿಸಿಕೊಂಡನು. ಹಲ್ಲು ಪೂರ್ತಿ ಬಂದಿತೋ ಮುರಿಯಿತೋ ಯಾರಿಗೂ ತಿಳಿಯದು. ಮೂರನೆಯ ದಿನ ಗೆನ್ನೆಯ ಊತವು ಗಲ್ಲದ ಕೆಳಕ್ಕೆ ಇಳಿಯಿತು, ಕುತ್ತಿಗೆ ಹಲಗೆಯಂತೆ ಗಟ್ಟಿಯಾಯಿತು, ನಾಲಗೆ ಮೇಲಕ್ಕೆದ್ದಿತು, ಎಂಜಲು ನುಂಗಲಾರದೆ ಹೋದನು. ಮನೆಯವರು ಹಗಲಿರುಳೂ ಬಿಸಿ ಕಾವು ಕೊಟ್ಟರು. ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಟಾಗ ಐದನೆಯ ದಿನ. ದಾರಿಯಲ್ಲೇ ಉಸಿರು ನಿಂತಿತು. ನಮ್ಮಜ್ಜಿ ಕಡೆಯವರೆಗೂ “ಹಲ್ಲು ಕಿತ್ತದ್ದಕ್ಕೆ ಸತ್ತ” ಎಂದೇ ಹೇಳುತ್ತಿದ್ದರು. ಅವರ ಮನೆಯಲ್ಲಿ ಆಮೇಲೆ ಎರಡು ತಲೆಮಾರಿನ ತನಕ ಯಾರೂ ಹಲ್ಲು ಕೀಳಿಸಿಕೊಳ್ಳಲಿಲ್ಲ. ಹುಳುಕನ್ನು ಹೊತ್ತುಕೊಂಡೇ ಮುದುಕರಾದರು.

ಈ ಬಾವಿಗೆ ವೈದ್ಯಶಾಸ್ತ್ರದಲ್ಲಿ ಹೆಸರುಂಟು. ಜರ್ಮನಿಯ ಸ್ಟುಟ್‌ಗಾರ್ಟಿನ ವೈದ್ಯ ಲುಡ್ವಿಗ್ ಎಂಬಾತನು ೧೮೩೬ರಲ್ಲಿ ಇದನ್ನು ವಿವರವಾಗಿ ವರ್ಣಿಸಿದನು. ಅವನ ಹೆಸರೇ ರೋಗಕ್ಕೆ ನಿಂತಿತು. ಕೀಳದೆ ಬಿಟ್ಟ ಹುಳುಕು ಹಲ್ಲಿನಿಂದಲೂ ಇದು ಬರುತ್ತದೆಂಬುದನ್ನು ನಮ್ಮಜ್ಜಿಯ ಮನೆಯವರಿಗೆ ಯಾರೂ ಹೇಳಲಿಲ್ಲ. ಪೆನಿಸಿಲಿನ್ ಮೊದಲಾದ ಔಷಧಗಳು ಬರುವ ಮುನ್ನ ಈ ಬಾವು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಫ್ಲೆಮಿಂಗನು ಪೆನಿಸಿಲಿನನ್ನು ಕಂಡದ್ದು ೧೯೨೮ರಲ್ಲಿ. ಅದು ರೋಗಿಗಳಿಗೆ ಧಾರಾಳವಾಗಿ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ತರುವಾಯ.

ಇನ್ನು ಕೀಳುವ ಗಳಿಗೆಯನ್ನು ಗೆದ್ದ ಕಥೆ. ವಿಚಿತ್ರವೆಂದರೆ, ಶಸ್ತ್ರವೈದ್ಯದ ಇತಿಹಾಸದಲ್ಲೇ ಒಂದು ಹೊಸ ಯುಗ ತೆರೆದದ್ದು ಬುದ್ಧಿಹಲ್ಲೊಂದರಿಂದ. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನಿದ್ದನು. ಊರಿಗೆ ಬಂದ ಕೋಲ್ಟನ್ ಎಂಬವನು ನಗೆಯ ವಾಯುವನ್ನು ಜನರಿಗೆ ಮೂಸಿಸಿ ಕುಣಿಸುವ ಪ್ರದರ್ಶನವನ್ನು ಏರ್ಪಡಿಸಿದ್ದಾಗ, ವಾಯುವಿನ ಅಮಲಿನಲ್ಲಿದ್ದ ಒಬ್ಬನು ಕಾಲಿಗೆ ಪೆಟ್ಟುಮಾಡಿಕೊಂಡರೂ ನೋವನ್ನರಿಯದೆ ಇದ್ದುದನ್ನು ವೆಲ್ಸ್ ಗಮನಿಸಿದನು. ಮಾರನೆಯ ದಿನವೇ, ೧೮೪೪ರ ಡಿಸೆಂಬರ್ ೧೧ರಂದು, ಅದೇ ವಾಯುವನ್ನು ತಾನೇ ಸೇವಿಸಿ, ತನ್ನ ಬುದ್ಧಿಹಲ್ಲನ್ನು ಸಹೋದ್ಯೋಗಿ ರಿಗ್ಸನಿಂದ ಕೀಳಿಸಿಕೊಂಡನು. ನೋವಾಗಲಿಲ್ಲ. ಮುಂದಿನ ತಿಂಗಳು ಬಾಸ್ಟನ್ನಿನ ವಿದ್ವಾಂಸರ ಮುಂದೆ ಅದನ್ನು ಮಾಡಿತೋರಿಸಹೋದಾಗ ರೋಗಿ ಅರಚಿಕೊಂಡನು, ಸಭೆ ನಕ್ಕಿತು. ೧೮೪೬ರ ಅಕ್ಟೋಬರ್ ೧೬ರಂದು, ವೆಲ್ಸನ ಹಿಂದಿನ ಸಂಗಾತಿಯಾದ ಮಾರ್ಟನ್ ಎಂಬ ಇನ್ನೊಬ್ಬ ದಂತವೈದ್ಯನು ಈಥರಿನಿಂದ ಅದೇ ಬಾಸ್ಟನ್ನನ್ನು ಗೆದ್ದನು. ವೆಲ್ಸ್ ೧೮೪೮ರಲ್ಲಿ ಸೆರೆಮನೆಯಲ್ಲಿ ಪ್ರಾಣವನ್ನು ಕಳೆದುಕೊಂಡನು. ಅವನನ್ನು ನೋಡಿ ನಕ್ಕವರ ಹೆಸರುಗಳನ್ನು ಚರಿತ್ರೆ ಇಟ್ಟುಕೊಂಡಿಲ್ಲವೆಂಬುದು ನಮಗೆ ಸಮಾಧಾನದ ಸಂಗತಿ.

ಈಥರು ೧೮೪೭ರಲ್ಲೇ ಕಲ್ಕತ್ತೆಗೆ ಬಂದಿತು. ಅದೇ ವರ್ಷ ಎಡಿನ್‌ಬರೋದ ಸಿಂಪ್ಸನ್ ಬಳಕೆಗೆ ತಂದ ಕ್ಲೋರೋಫಾರ್ಮು ಬೇಗನೆ ಎಲ್ಲೆಡೆಯೂ ಹರಡಿತು. ಅದರಿಂದ ಸಾವುಗಳೂ ಹರಡಿದುವು. ಅದು ಕೊಲ್ಲುವುದು ಹೃದಯವನ್ನು ಹಿಡಿದೋ ಉಸಿರನ್ನು ಹಿಡಿದೋ ಎಂಬ ವಾದವನ್ನು ತೀರ್ಮಾನಿಸಲು ೧೮೮೮ ಮತ್ತು ೧೮೮೯ರಲ್ಲಿ ಎರಡು ವಿಚಾರಣಾಸಮಿತಿಗಳು ಕುಳಿತದ್ದು ಲಂಡನ್ನಿನಲ್ಲಲ್ಲ, ನಮ್ಮ ನೆರೆಯ ಹೈದರಾಬಾದಿನಲ್ಲಿ, ನಿಜಾಮರ ಖರ್ಚಿನಲ್ಲಿ. ಆ ಸಮಿತಿಗಳ ತೀರ್ಪು ಪೂರ್ತಿ ಸರಿಯಾಗಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಹಲ್ಲಿಗೆ ನಿಜವಾದ ಉಪಕಾರವಾದದ್ದು ಬೇರೊಂದು ದಾರಿಯಿಂದ. ರೋಗಿಯನ್ನು ಮಲಗಿಸದೆ, ಹಲ್ಲಿಗೆ ಹೋಗುವ ನರವೊಂದನ್ನೇ ಮಲಗಿಸಿದರೆ ಸಾಲದೆ? ೧೮೮೪ರಲ್ಲಿ ವಿಯನ್ನಾದ ಕೋಲರನು ಕೊಕೇನಿನಿಂದ ಕಣ್ಣನ್ನು ಜೋಮುಹಿಡಿಸಬಹುದೆಂದು ತೋರಿಸಿದನು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಹಾಲ್‌ಸ್ಟೆಡ್ ಮತ್ತು ಅವನ ಜೊತೆಗಾರರು ಕೆಳದವಡೆಯ ನರದ ಬುಡಕ್ಕೆ ಸೂಜಿಯಿಂದ ಅದನ್ನು ಸೇರಿಸಿ ಇಡೀ ಅರ್ಧ ದವಡೆಯನ್ನು ಮರಗಟ್ಟಿಸಿದರು. ಬೆಂಗಳೂರಿನಿಂದ ಕ್ಯಾತ್ಸಂದ್ರದ ಮೇಲೆ ತುಮಕೂರಿಗೆ ರೈಲು ಬಂದದ್ದೂ ೧೮೮೪ರಲ್ಲೇ. ರೈಲಿನ ಸದ್ದು ಕೂಡಲೇ ಕೇಳಿಸಿತು. ಸೂಜಿಯ ಸುದ್ದಿ ಈ ಊರಿಗೆ ಬರಲು ಬಹಳ ಕಾಲ ಹಿಡಿಯಿತು. ಕೊಕೇನಿನ ಚಟ ಹಾಲ್‌ಸ್ಟೆಡನನ್ನೇ ಹಿಡಿದದ್ದರಿಂದ, ಚಟ ಹಿಡಿಸದ ಮದ್ದಿಗಾಗಿ ಹುಡುಕಾಟ ನಡೆಯಿತು. ಐನ್‌ಹಾರ್ನನ ನೋವೊಕೇನು ೧೯೦೫ರಲ್ಲಿಯೂ, ಸ್ವೀಡನ್ನಿನ ಲಾಫ್‌ಗ್ರೆನ್ ೧೯೪೩ರಲ್ಲಿ ಮಾಡಿದ ಲಿಡೊಕೇನು ಯುದ್ಧಾನಂತರದಲ್ಲಿಯೂ ಬಳಕೆಗೆ ಬಂದುವು. ನಮ್ಮ ಹುಡುಗನಿಗೆ “ಏನೂ ತಿಳಿಯದಂತೆ” ಮಾಡಿದ ಸೂಜಿ ಈ ವಂಶಕ್ಕೆ ಸೇರಿದ್ದು.

ಆದರೆ ಸೂಜಿಯ ಪ್ರಭಾವ ಕೆಲವು ಗಂಟೆಗಳದ್ದು. ಜೋಮು ಇಳಿದ ಮೇಲೆ ಬರುವ ನೋವಿಗೆ ಏನು ಗತಿ? ಲವಂಗದೆಣ್ಣೆ ಹಳೆಯದು, ಅದರಲ್ಲಿರುವ ಯೂಜಿನಾಲ್ ಎಂಬ ಸತ್ವವು ಸ್ವಲ್ಪಮಟ್ಟಿಗೆ ಜೋಮುಹಿಡಿಸುತ್ತದೆಂಬುದು ನಿಜ. ಆಮೇಲೆ ಅಫೀಮು. ೧೮೯೯ರಲ್ಲಿ ಆಸ್ಪಿರಿನ್ ಮಾರಾಟಕ್ಕೆ ಬಂದು ಜಗತ್ತಿನ ತಲೆನೋವನ್ನೆಲ್ಲ ವಹಿಸಿಕೊಂಡಿತು. ಆದರೆ ಹಲ್ಲು ಕಿತ್ತವನಿಗೆ ಅದರಲ್ಲಿ ಒಂದು ದೋಷ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಹಲ್ಲಿನ ಗುಳಿಯಲ್ಲಿ ಹೆಪ್ಪೇ ರಕ್ಷಾಕವಚ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬೂಟ್ಸ್ ಕಂಪೆನಿಯ ಸ್ಟೂಆರ್ಟ್ ಆಡಮ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ೧೯೬೧ರಲ್ಲಿ ಐಬುಪ್ರೊಫೆನ್ ಎಂಬುದನ್ನು ಸಾಧಿಸಿದರು; ೧೯೬೯ರಲ್ಲಿ ಅದು ವೈದ್ಯರ ಕೈಗೆ ಬಂದಿತು. ಹಿಂದಿನ ರಾತ್ರಿಯ ಪಾನದಿಂದ ತಲೆ ಸಿಡಿಯುತ್ತಿದ್ದ ಆಡಮ್ಸರು, ಉಪನ್ಯಾಸಕ್ಕೆ ಎದ್ದು ನಿಲ್ಲುವ ಮುಂಚೆ ತಮ್ಮ ಮದ್ದನ್ನು ೬೦೦ ಮಿಲಿಗ್ರಾಂ ನುಂಗಿ ಗುಣ ಕಂಡರಂತೆ. ಉಪನ್ಯಾಸಕ ವರ್ಗಕ್ಕೆ ಸೇರಿದ ನಾವು ಇದನ್ನು ವಿಜ್ಞಾನಕ್ಕೆ ನಮ್ಮವರ ಕಾಣಿಕೆಯೆಂದು ಹೇಳಿಕೊಳ್ಳಬಹುದೋ ಏನೋ!

ಇವು ಕೆಲಸಮಾಡುವ ಬಗೆಯನ್ನು ೧೯೭೧ರಲ್ಲಿ ಜಾನ್ ವೇನ್ ಎಂಬ ವಿಜ್ಞಾನಿ ಬಿಡಿಸಿ ತೋರಿಸಿದರು. ೧೯೮೨ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವೂ ಬಂದಿತು. ಗಾಯವಾದ ಮಾಂಸವು ಪ್ರೋಸ್ಟಾಗ್ಲಾಂಡಿನ್ ಎಂಬ ರಸಗಳನ್ನು ಹುಟ್ಟಿಸುತ್ತದೆ. ಅವು ರಕ್ತನಾಳಗಳನ್ನು ಹಿಗ್ಗಿಸಿ ಊತಕ್ಕೆ ದಾರಿಮಾಡುತ್ತವೆ. ಅವೇ ನರದ ತುದಿಗಳನ್ನು ಕೆರಳಿಸಿ ನೋವನ್ನು ಹೆಚ್ಚಿಸುತ್ತವೆ. ಆಸ್ಪಿರಿನ್ ಮತ್ತು ಅದರ ಬಂಧುಗಳು ಆ ರಸದ ಹುಟ್ಟನ್ನೇ ತಡೆಯುತ್ತವೆ. ಆದಕಾರಣ ಜೋಮು ಪೂರ್ತಿ ಇಳಿಯುವ ಮುಂಚೆಯೇ ಮೊದಲ ಮಾತ್ರೆಯನ್ನು ತೆಗೆದುಕೊಳ್ಳಬೇಕೆಂದು ಅನೇಕ ದಂತವೈದ್ಯರು ಹೇಳುತ್ತಾರೆ. ನೋವು ಏರಿ ಕುಳಿತ ಮೇಲೆ ಇಳಿಸುವುದು ಕಷ್ಟ.

ಶ್ರೋತೃಗಳಿಗೆ ಆಶ್ಚರ್ಯವಾಗಬಹುದಾದ ಒಂದು ಸಂಗತಿಯುಂಟು. ೧೯೭೦ರ ದಶಕದಿಂದ ಈಚೆಗೆ ಜಗತ್ತಿನಲ್ಲಿ ಹೊಸ ನೋವಿನ ಮಾತ್ರೆ ಯಾವುದು ಹುಟ್ಟಿದರೂ, ಅದರ ಸತ್ವಪರೀಕ್ಷೆಗೆ ಬಹಳಮಟ್ಟಿಗೆ ಒರೆಗಲ್ಲಾದದ್ದು ಬುದ್ಧಿಹಲ್ಲು ತೆಗೆಸಿಕೊಂಡವರ ದವಡೆ. ರೋಗಿಗಳು ಎಳೆಯರು, ಬೇರೆ ರೋಗವಿಲ್ಲದವರು; ನೋವು ಇಂಥ ಹೊತ್ತಿಗೆ ಬಂದೇ ಬರುತ್ತದೆಂಬುದು ನಿಶ್ಚಯ; ಎಡಕ್ಕೊಂದು ಬಲಕ್ಕೊಂದು ಹಲ್ಲಿರುವುದರಿಂದ ಹೋಲಿಸಿ ನೋಡಲೂ ಅನುಕೂಲ. ೨೦೧೩ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಈ ನೋವಿಗೆ ಪ್ಯಾರಸಿಟಮಾಲಿಗಿಂತ ಐಬುಪ್ರೊಫೆನ್ ಮೇಲೆಂದೂ, ಎರಡನ್ನೂ ಕೂಡಿಸಿದರೆ ಇನ್ನೂ ಮೇಲೆನ್ನುವಂತೆ ಕಾಣುತ್ತದೆಂದೂ ಹೇಳಿದರು. ೨೦೨೫ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ೧,೮೦೦ಕ್ಕೂ ಮಿಕ್ಕ ರೋಗಿಗಳಿದ್ದರು. ಆ ಜೋಡಿಯು ಅಫೀಮಿನ ಜಾತಿಯ ಮಾತ್ರೆಗಿಂತ ಚೆನ್ನಾಗಿ ನೋವನ್ನು ಹಿಡಿಯಿತು. ಅಫೀಮಿನ ಮಾತ್ರೆಗಳಿಂದ ಆ ದೇಶವು ಪಟ್ಟಿರುವ ಪಾಡನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಆದರೂ ಹೊಟ್ಟೆಹುಣ್ಣು, ಮೂತ್ರಪಿಂಡದ ರೋಗ, ಗೂರಲು ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಐಬುಪ್ರೊಫೆನನ್ನು ಮುಟ್ಟಕೂಡದು. ಅಳತೆಯೂ ವೈದ್ಯರು ಹೇಳಿದಷ್ಟೇ.

ಈಗ ಮಂಜುಗಡ್ಡೆಗೂ ಉಪ್ಪಿನ ಗಂಟಿಗೂ ಇರುವ ವ್ಯಾಜ್ಯ. ಬುದ್ಧಿಹಲ್ಲನ್ನು ತೆಗೆಯಲು ವಸಡನ್ನು ಬಿಡಿಸಿ, ಎಲುಬನ್ನು ಸ್ವಲ್ಪ ಕೊರೆದಿರುತ್ತಾರೆ. ಊತವು ಆ ದಿನವೇ ಪೂರ್ತಿ ಕಾಣುವುದಿಲ್ಲ. ಎರಡನೆಯ ಮೂರನೆಯ ದಿನಕ್ಕೆ ಏರಿ, ಅಲ್ಲಿಂದ ಇಳಿಯತೊಡಗಿ, ಒಂದು ವಾರಕ್ಕೆ ಬಹುಮಟ್ಟಿಗೆ ಹೋಗುತ್ತದೆ. ಇದನ್ನು ತಿಳಿಯದ ರೋಗಿಯು ಮೂರನೆಯ ಬೆಳಗ್ಗೆ ಕನ್ನಡಿ ನೋಡಿ ಗಾಬರಿಯಾಗುತ್ತಾನೆ. ಮೊದಲ ದಿನ ನಾಳಗಳು ಇನ್ನೂ ಜಿನುಗುತ್ತಿರುವಾಗ ಬಿಸಿ ಕಾವು ಕೊಟ್ಟರೆ ಅವು ಇನ್ನೂ ಹಿಗ್ಗಿ, ರಕ್ತವೂ ಊತವೂ ಹೆಚ್ಚಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕಾಲುಗಂಟೆ ಇಟ್ಟು, ಕಾಲುಗಂಟೆ ತೆಗೆದು, ಹೀಗೆ ಆ ದಿನವನ್ನು ಕಳೆಯುವುದು ರೂಢಿ. ನಿಜ ಹೇಳಬೇಕಾದರೆ ಈ ಶೀತೋಪಚಾರಕ್ಕೆ ಪರೀಕ್ಷೆಗಳಿಂದ ದೊರೆತಿರುವ ಪ್ರಮಾಣ ಅಷ್ಟು ಬಲವಾದದ್ದಲ್ಲ. ಆದರೂ ರೋಗಿಗೆ ಹಿತವಾಗುತ್ತದೆ, ಹಾನಿಯಿಲ್ಲ. ಎರಡು ದಿನ ಕಳೆದು, ದವಡೆ ಬಿಗಿದು, ಬಾಯಿ ತೆರೆಯದೆ ಇರುವಾಗ ಹದವಾದ ಬಿಸಿಯೇ ಸ್ನಾಯುಗಳನ್ನು ಸಡಿಲಿಸುವುದು. ಅಜ್ಜಿಯ ಉಪ್ಪಿನ ಗಂಟಿಗೆ ಆಗ ಸರದಿ ಬರುತ್ತದೆ. ಅಜ್ಜಿಯ ಮದ್ದಿನಲ್ಲಿ ತಪ್ಪಿರಲಿಲ್ಲ, ತಿಥಿಯಲ್ಲಿ ತಪ್ಪಿತ್ತು. ಬಾವಿನ ಅವಸ್ಥೆಯನ್ನರಿಯದೆ ಕೈಹಾಕಬೇಡವೆಂದು ಸುಶ್ರುತನು ಹೇಳಿದ್ದೂ ಇದಕ್ಕೆ ಬಹಳ ದೂರದ ಮಾತಲ್ಲ.

ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಳಚಿಹೋದರೆ ಎಲುಬು ಬಯಲಾಗಿ, ಎರಡರಿಂದ ನಾಲ್ಕನೆಯ ದಿನದ ಒಳಗೆ ಕಿವಿಯವರೆಗೆ ಸಿಡಿಯುವ ನೋವು ಏಳುತ್ತದೆ. ಇದನ್ನು ೧೮೯೬ರಲ್ಲಿ ಕ್ರಾಫರ್ಡ್ ಎಂಬಾತನು ಒಣಗುಳಿಯೆಂದು ಕರೆದನು. ಕೆಳದವಡೆಯ ಬುದ್ಧಿಹಲ್ಲಿಗೆ ಇದು ಹೆಚ್ಚು. ಆದಕಾರಣ ಮೊದಲ ದಿನ ಬಾಯಿ ಮುಕ್ಕಳಿಸಕೂಡದು, ಕ್ಯಾಕರಿಸಿ ಉಗುಳಕೂಡದು, ಕೊಳವೆಯಿಂದ ಎಳನೀರು ಹೀರಕೂಡದು. ಬೀಡಿ ಸಿಗರೇಟುಗಳಂತೂ ಸರ್ವಥಾ ಕೂಡದು. ಗುಬ್ಬಿ ತುಮಕೂರುಗಳ ಸೀಮೆ ಅಡಕೆಯ ಸೀಮೆ. ಊಟವಾದೊಡನೆ ಎಲೆಅಡಕೆಗೆ ಕೈಹೋಗುವುದು ಸಹಜ. ಅದನ್ನೂ ಗಾಯ ಮಾಯುವ ತನಕ ಬಿಡಬೇಕು. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡುವುದು ಒಳ್ಳೆಯದು. ಒಣಗುಳಿಯ ನೋವಿಗೆ ದಂತವೈದ್ಯರು ಗುಳಿಯನ್ನು ತೊಳೆದು ಇಡುವ ಮದ್ದಿನಲ್ಲಿ ಅನೇಕ ವೇಳೆ ಲವಂಗದ ಅದೇ ಯೂಜಿನಾಲ್ ಇರುತ್ತದೆ. ಸಂತೆಯವನ ಸೀಸೆಯಲ್ಲಿದ್ದ ಒಂದು ವಸ್ತು ಹೀಗೆ ಮರ್ಯಾದೆಯಿಂದ ಒಳಗೆ ಬಂದಿದೆ.

ಊಟದ ವಿಷಯದಲ್ಲಿ ನಮ್ಮ ನಾಡಿನವರು ಭಾಗ್ಯವಂತರು. ರೊಟ್ಟಿ ಕಚ್ಚುವ ದೇಶಗಳಲ್ಲಿ ರೋಗಿಗಾಗಿ ಬೇರೆ ಅಡಿಗೆ ಮಾಡಬೇಕು. ನಮ್ಮಲ್ಲಿ ರಾಗಿಯ ಅಂಬಲಿಯುಂಟು; ಮುದ್ದೆಯುಂಟು, ಅದನ್ನು ಆರೋಗ್ಯವಂತನೂ ಅಗಿಯುವುದಿಲ್ಲ, ನುಂಗುತ್ತಾನೆ. ರೋಗಿಯು ಆರಿಸಿಕೊಂಡು ನುಂಗಿದರೆ ಸಾಕು. ಇನ್ನು ಇಡ್ಲಿ. ಸುಮಾರು ೯೨೦ರಲ್ಲಿ ಶಿವಕೋಟ್ಯಾಚಾರ್ಯನು ವಡ್ಡಾರಾಧನೆಯಲ್ಲಿ ಇಡ್ಡಲಿಗೆಯನ್ನು ಹೆಸರಿಸಿದ್ದಾನೆ. ಸುಮಾರು ೧೦೨೫ರ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಅದನ್ನು ಮಾಡುವ ಕ್ರಮವಿದೆ. ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅದೇ ಇಡ್ಡರಿಕೆಯಾಗಿದೆ. ಆ ಕಾಲದ ಇಡ್ಡಲಿಗೆ ಬರಿಯ ಉದ್ದಿನದು. ಅಕ್ಕಿ ಸೇರಿಸಿ ಹುಳಿಬರಿಸುವುದು ಆಮೇಲಿನ ಪದ್ಧತಿ. ಹುಳಿಬಂದು ಉಬ್ಬಿದ ಹಿಟ್ಟನ್ನು ಅಗಲವಾದ ತಟ್ಟೆಯಲ್ಲಿ ಹೊಯ್ದು ಬೇಯಿಸಿದ ಕ್ಯಾತ್ಸಂದ್ರದ ಇಡ್ಲಿಯು ನಾಲಗೆಗೂ ಅಂ‌ಗಳಕ್ಕೂ ನಡುವೆ ಒತ್ತಿದರೆ ಕರಗುತ್ತದೆ. ಹಲ್ಲಿನ ಹಂಗೇ ಬೇಕಿಲ್ಲ. ಖಾರದ ಚಟ್ನಿಯನ್ನು ಮಾತ್ರ ದೂರವಿಡಬೇಕು. ಅದು ಈ ಊರಿನಲ್ಲಿ ಸುಲಭದ ವೈರಾಗ್ಯವಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೂರನೆಯ ದಿನದ ತರುವಾಯ ಊತ ಇಳಿಯುವುದಕ್ಕೆ ಬದಲಾಗಿ ಏರಿದರೆ, ಗಲ್ಲದ ಕೆಳಗೆ ಗಟ್ಟಿಯಾದರೆ, ಚಳಿಜ್ವರ ಬಂದರೆ, ಎಂಜಲು ನುಂಗುವುದಕ್ಕೂ ಉಸಿರಾಡುವುದಕ್ಕೂ ಕಷ್ಟವಾದರೆ, ಮಂಜುಗಡ್ಡೆಯನ್ನೂ ಉಪ್ಪನ್ನೂ ಎಸೆದು ಆ ಗಂಟೆಯಲ್ಲೇ ಆಸ್ಪತ್ರೆಗೆ ಓಡಬೇಕು. ನಮ್ಮಜ್ಜಿಯ ತಮ್ಮನ ಕಾಲಕ್ಕೆ ಓಡುವುದಕ್ಕೆ ಸಮೀಪದಲ್ಲಿ ಸ್ಥಳವಿರಲಿಲ್ಲ. ಕಲ್ಕತ್ತೆಯಲ್ಲಿ ರಫಿಉದ್ದೀನ್ ಅಹಮದರು ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದದ್ದು ೧೯೨೦ರಲ್ಲಿ. ತರಬೇತಿಯಿಲ್ಲದವರು ಹಲ್ಲಿಗೆ ಕೈಹಾಕದಂತೆ ದಂತವೈದ್ಯರ ಕಾಯಿದೆ ಬಂದದ್ದು ೧೯೪೮ರಲ್ಲಿ. ಬೆಂಗಳೂರಿನಲ್ಲಿ ಸರ್ಕಾರೀ ದಂತವೈದ್ಯ ಕಾಲೇಜು ೧೯೫೮ರಲ್ಲಿ ಆಯಿತು. ತುಮಕೂರಿನಲ್ಲೇ ಸಿದ್ಧಾರ್ಥ ದಂತವೈದ್ಯ ಕಾಲೇಜು ಆಮೇಲೆ ಆಯಿತು. ಕುಣಿಗಲಿನ ಹಳ್ಳಿಯಿಂದ ಇಂದು ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು.

ಎಂಟನೆಯ ದಿನ ಆ ಹುಡುಗನು ತರಗತಿಗೆ ಬಂದನು. ಮುಖ ಎರಡು ಕಡೆಯೂ ಸಮನಾಗಿತ್ತು. ಗಲ್ಲದ ಮೇಲೆ ಹಳದಿಯ ಒಂದು ಕಲೆ ಮಾತ್ರ ಉಳಿದಿತ್ತು. ಯಾರ ಮಾತು ಕೇಳಿದೆಯೆಂದು ವಿಚಾರಿಸಿದೆವು.

“ಎರಡು ದಿನ ಡಾಕ್ಟರದು, ಸಾರ್. ಮೂರನೇ ದಿನ ಅವರನ್ನೇ ಕೇಳಿಕೊಂಡು ಅಜ್ಜಿಯ ಗಂಟು ಇಟ್ಟೆ. ಗುಣವಾದದ್ದು ಉಪ್ಪಿನಿಂದಲೇ ಅಂತ ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.”

ಎಡಗಡೆಯ ಹಲ್ಲು ಯಾವಾಗ ಎಂದು ಕೇಳಿದ್ದಕ್ಕೆ, ಪರೀಕ್ಷೆ ಮುಗಿದ ಮೇಲೆ ಎಂದನು.